ಅಮ್ಮನ ಕಿವಿಗೆ ಬೆಳ್ಳಿ

ಹಿತ್ತಾಳೆ ತಟ್ಟೆಯ ತುಂಬ ಬೆಳ್ಳಿ ಇತ್ತು. ಕಾಲ್ಗೆಜ್ಜೆ, ಹಳೆಯ ಕಾಲುಂಗುರ, ಮುರಿದ ಡಾಬಿನ ಎರಡು ತುಂಡು, ಯಾರದೋ ಬಾಲ್ಯದ ಸಣ್ಣ ಕಡಗ. ಅವುಗಳ ನಡುವೆ ನನ್ನ ಊಟದ ಡಬ್ಬಿ.

ಚಪ್ಪಟೆಯ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ೪೧೭ ಎಂದು ಮೊಳೆಯಿಂದ ಗೀಚಿದವಳು ನಾನೇ. ಹೊಸೂರಿನ ಗೇರ್ ಕಾರ್ಖಾನೆಯಲ್ಲಿ ಅದು ನನ್ನ ಟೋಕನ್ ನಂಬರು. ಮೊದಲ ಹತ್ತು ವರ್ಷ ಆ ಡಬ್ಬಿ ಚಿತ್ರಾನ್ನ ಹೊತ್ತಿತು. ಆಮೇಲೆ ಅದರಲ್ಲಿ ನನ್ನ ನಾಣ್ಯಗಳು ಸೇರಿಕೊಂಡವು. ನಿನ್ನೆ ಸಂಜೆ ಅದು ಹೊಸೂರಿನ ನಮ್ಮ ಮನೆಯ ಬೀರುವಿನಲ್ಲಿ, ಶಾಲುಗಳ ಕೆಳಗಿತ್ತು. ಈಗ ರಾಯಕೋಟೆಯಾಚೆಯ ಹಳ್ಳಿಯಲ್ಲಿ, ಭಾವನವರ ಮನೆಯಂಗಳದಲ್ಲಿ, ಅಕ್ಕಸಾಲಿಯ ಕೆಂಡದಿಂದ ಎರಡು ಮೊಳ ದೂರದಲ್ಲಿ ಕೂತಿತ್ತು.

ನನ್ನ ಗಂಡನ ಕಡೆ ನೋಡಿದೆ. ಗೋಪಿನಾಥ್ ಗೋಡೆಗೆ ಒರಗಿಸಿದ ಟೊಮ್ಯಾಟೊ ಕ್ರೇಟುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಖಾಲಿ ಕ್ರೇಟುಗಳು.

ನಮ್ಮ ಮನೆದೇವರು ಪಟ್ಟಾಳಮ್ಮ. ಅವಳ ಬೆಳ್ಳಿಮುಖದ ಕೆನ್ನೆ ಹೋದ ವರ್ಷ ಸೀಳಿತು. ಹಳೆಯದನ್ನೂ ಕರಗಿಸಿ, ಇನ್ನಷ್ಟು ಬೆಳ್ಳಿ ಸೇರಿಸಿ ಹೊಸ ಮುಖ ಮಾಡಿಸಬೇಕು ಎಂದು ತೀರ್ಮಾನವಾಯಿತು. ಈ ಮನೆತನದ ಕಟ್ಟಳೆಯ ಪ್ರಕಾರ ಅಮ್ಮನ ಮುಖಕ್ಕೆ ಅಂಗಡಿಯ ಬೆಳ್ಳಿ ಆಗುವುದಿಲ್ಲ, ಮನೆಗೆ ಬಂದ ಸೊಸೆಯರ ಬೆಳ್ಳಿಯೇ ಆಗಬೇಕು. ಹೆಣ್ಣುಮಕ್ಕಳದು ಬೇಡ, ಅವರು ಬೇರೆ ಮನೆಗೆ ಸೇರಿದವರು. ಗಂಡಸರದು ಬೇಡ, ಯಾಕೆ ಬೇಡ ಎಂದು ಯಾರಾದರೂ ಕೇಳಿದ್ದು ನನಗೆ ಗೊತ್ತಿಲ್ಲ. ಅಕ್ಕಸಾಲಿ ಅಂಗಳಕ್ಕೇ ಬಂದು ಎಲ್ಲರ ಕಣ್ಣೆದುರು ಕರಗಿಸಿ, ಗಟ್ಟಿ ಮಾಡಿಕೊಂಡು ಹೋಗಬೇಕು.

ನನ್ನ ಪಾಲಿನದು ನಾನು ಹೋದ ತಿಂಗಳೇ ಕೊಟ್ಟಾಗಿತ್ತು. ತವರಿನಲ್ಲಿ ಮಾಡಿಸಿಕೊಟ್ಟ ಕಾಲ್ಗೆಜ್ಜೆ. ಕೊಡುವಾಗ ನೋವೇನೂ ಆಗಲಿಲ್ಲ. ಯಂತ್ರಗಳ ನಡುವೆ ಗೆಜ್ಜೆ ಹಾಕಿಕೊಂಡು ಓಡಾಡುವಂತಿರಲಿಲ್ಲ. ಇಪ್ಪತ್ತೆಂಟು ವರ್ಷ ಅದು ಪೆಟ್ಟಿಗೆಯಲ್ಲೇ ಮಲಗಿತ್ತು.

"ಏನಮ್ಮ ಸರಳಾ, ಅಂಗೇ ನಿಂತ್ಬುಟ್ಟೆ?" ಎಂದರು ಭಾವ ನಾರಾಯಣಪ್ಪ. ನನ್ನ ಗಂಡನ ಅಣ್ಣ, ಮನೆಗೆ ಹಿರಿಯರು. "ಅಮ್ಮನ ಕಿವಿಗೆ ಬೆಳ್ಳಿ ಸಾಲ್ದು ಅಂತವ್ರೆ ಆಚಾರ್ರು. ನಮ್ ಗೋಪಿ ಅಂದ, ಮನೇಲಿ ಹಳೇ ಬೆಳ್ಳಿ ಕಾಸವೆ, ಸುಮ್ನೆ ಬಿದ್ದವೆ, ತತ್ತೀನಿ ಅಂತ. ಒಳ್ಳೇದಾಯ್ತು. ಬಾ, ನಿನ್ನ ಕೈಯಾರೆ ನೀನೇ ಮೂಸೆಗಾಕು."

ಸುಮ್ಮನೆ ಬಿದ್ದಿವೆ.

ಗೋಪಿನಾಥ್ ಕೆಟ್ಟವರಲ್ಲ. ನಾಲ್ಕು ಜನರ ಮುಂದೆ ಇಟ್ಟುಬಿಟ್ಟರೆ ಇವಳು ಬೇಡ ಅನ್ನಲಾರಳು ಎಂದು ಎಣಿಸಿದ್ದರು, ಅಷ್ಟೇ. ಇಪ್ಪತ್ತೆಂಟು ವರ್ಷದಲ್ಲಿ ಆ ಎಣಿಕೆ ಒಂದು ಸಲವೂ ತಪ್ಪಿರಲಿಲ್ಲ. ನಾನೇ ತಪ್ಪಲು ಬಿಟ್ಟಿರಲಿಲ್ಲ.

ಆ ನಾಣ್ಯಗಳು ನನ್ನ ಬಳಿ ಹೇಗೆ ಬಂದವು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಡಿಪ್ಲೊಮಾ ಓದಿದವಳು. ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ತಪಾಸಣೆ ವಿಭಾಗದಲ್ಲಿದ್ದೆ. ಗೇರಿನ ಹಲ್ಲು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು. ದಿನವಿಡೀ ಗೇರುಗಳು, ಎಲ್ಲವೂ ಒಂದೇ ಥರ. ಒಂದೇ ಥರ ಇಲ್ಲದಿದ್ದರೆ ಅದು ರಿಜೆಕ್ಟ್.

ಒಂದು ಭಾನುವಾರ ಬೆಂಗಳೂರಿನಲ್ಲಿ ಯಾರದೋ ಮದುವೆಯ ಊಟ ಮುಗಿಸಿ, ಬಿಸಿಲು ತಡೆಯಲಾರದೆ ಪಕ್ಕದ ಸಭಾಂಗಣಕ್ಕೆ ನುಗ್ಗಿದೆ. ಒಳಗೆ ನಾಣ್ಯಗಳ ಪ್ರದರ್ಶನ. ಗಾಜಿನ ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಬೆಳ್ಳಿ ಬಿಲ್ಲೆ. ಅಚ್ಚು ಓರೆಯಾಗಿ ಬಿದ್ದಿತ್ತು. ಅಂಚು ಒಂದು ಕಡೆ ದಪ್ಪ, ಒಂದು ಕಡೆ ತೆಳು. ನನ್ನ ಮೇಜಿಗೆ ಬಂದಿದ್ದರೆ ಕೆಂಪು ಬಣ್ಣವೇ ಗತಿ. ಆದರೆ ಎರಡು ಸಾವಿರ ವರ್ಷಕ್ಕೂ ಮೇಲೆ ಯಾರೂ ಅದನ್ನು ರಿಜೆಕ್ಟ್ ಮಾಡಿರಲಿಲ್ಲ. ಸುತ್ತಲಿನ ಅಕ್ಷರ ನೋಡಿದೆ: ಸಿಗ್ಮಾ, ಡೆಲ್ಟಾ, ಒಮೆಗಾ. ಲೆಕ್ಕದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಅಕ್ಷರಗಳು ಅಲ್ಲಿ ಒಟ್ಟುಗೂಡಿ ಒಬ್ಬ ಮನುಷ್ಯನ ಹೆಸರಾಗಿದ್ದವು. ಮಿನಾಂಡರ್. ಶಾಲೆಯ ಪಾಠದಲ್ಲಿ ಮಿಲಿಂದ ಎಂದು ಒಂದು ಸಾಲಿನಲ್ಲಿ ಬಂದು ಹೋದವನು. ಆ ತಿಂಗಳ ಓವರ್‌ಟೈಮ್ ಹಣದಲ್ಲಿ ಅವನನ್ನು ಮನೆಗೆ ಕರೆತಂದೆ.

ಆಮೇಲೆ ವರ್ಷಕ್ಕೊಂದು, ಕೆಲವು ವರ್ಷ ಒಂದೂ ಇಲ್ಲ. ಕಂಪನಿ ಬಸ್ಸಿನಲ್ಲಿ ಕೂತು ಗ್ರೀಕ್ ಅಕ್ಷರ ಕಲಿತೆ. ಆಮೇಲೆ ಖರೋಷ್ಠಿ, ಬಲದಿಂದ ಎಡಕ್ಕೆ. ಗಾಂಧಾರ, ಪಂಜಾಬಿನ ಕಡೆ ಆಳಿದ ಈ ಗ್ರೀಕ್ ರಾಜರು ಕಾಸಿನ ಒಂದು ಮುಖಕ್ಕೆ ತಮ್ಮ ಭಾಷೆ, ಇನ್ನೊಂದು ಮುಖಕ್ಕೆ ಅಲ್ಲಿನ ಜನರ ಭಾಷೆ ಹಾಕಿಸಿದರು. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಆಡಿ ಸೊಪ್ಪು ಕೊಳ್ಳುವವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪೊಲೊಡೋಟಸ್ ಎಂಬವನಂತೂ ತನ್ನ ಮುಖವನ್ನೇ ಬಿಟ್ಟು, ಚೌಕಾಕಾರದ ಬೆಳ್ಳಿಯ ಮೇಲೆ ಒಂದು ಕಡೆ ಆನೆ, ಇನ್ನೊಂದು ಕಡೆ ಹಿಣಿಲಿರುವ ಗೂಳಿ ಒತ್ತಿಸಿದ. ಅದೂ ನನ್ನ ಹತ್ತಿರ ಇದೆ.

ಇವರೆಲ್ಲ ಸತ್ತು, ಇವರ ರಾಜ್ಯಗಳು ಮಣ್ಣಾಗಿ, ಸುಮಾರು ಇನ್ನೂರು ವರ್ಷ ಕಳೆದ ಮೇಲೆ ಭರೂಚ್ ಬಂದರಿಗೆ ಹಡಗಿನಲ್ಲಿ ಬಂದ ಒಬ್ಬ ವ್ಯಾಪಾರಿ ಬರೆದಿಟ್ಟಿದ್ದಾನಂತೆ: ಇಲ್ಲಿ ಇನ್ನೂ ಮಿನಾಂಡರ್‌ನ, ಅಪೊಲೊಡೋಟಸ್‌ನ ಹಳೆಯ ಕಾಸುಗಳೇ ಓಡುತ್ತಿವೆ ಎಂದು. ಇದನ್ನು ಓದಿದ ದಿನ ನನಗೆ ಬಸ್ಸಿನಲ್ಲಿ ಇಳಿಯುವ ಸ್ಟಾಪ್ ತಪ್ಪಿಹೋಯಿತು. ಹೊರಡಿಸಿದ ದೊರೆ ಇಲ್ಲ, ಕಾಯುವ ಸೈನ್ಯ ಇಲ್ಲ. ಆದರೂ ಒಬ್ಬ ಮೆಣಸಿನ ವ್ಯಾಪಾರಿಯ ಕೈಯಿಂದ ಇನ್ನೊಬ್ಬ ಬಟ್ಟೆ ವ್ಯಾಪಾರಿಯ ಕೈಗೆ ಅದು ಹೋಗುತ್ತಿತ್ತು. ಬೆಳ್ಳಿ ಸಾಚಾ ಎಂಬ ಒಂದೇ ಬಲದ ಮೇಲೆ. ಹೊಸ ರಾಜರು ಬಂದ ಹಾಗೆ ಸಿಕ್ಕಿದ್ದನ್ನೆಲ್ಲ ಕರಗಿಸಿ ತಮ್ಮ ಮುಖ ಒತ್ತಿಕೊಂಡರು. ಉಳಿದವು, ಯಾರೋ ಬಚ್ಚಿಟ್ಟು ಕರಗಿಸಲು ಕೊಡದವು ಮಾತ್ರ.

ಅಂಥ ಹತ್ತೊಂಬತ್ತು ಆ ಡಬ್ಬಿಯಲ್ಲಿದ್ದವು. ಎಲ್ಲ ಸೇರಿದರೂ ನಾಲ್ಕು ತೊಲ ಮುಟ್ಟುವುದಿಲ್ಲ. ಅಮ್ಮನ ಎರಡು ಕಿವಿಗೆ ಸರಿಹೋಗುತ್ತಿತ್ತು.

ಅಕ್ಕಸಾಲಿ ಕೊಂಡಪ್ಪಾಚಾರಿ ಡಬ್ಬಿಯ ಮುಚ್ಚಳ ತೆಗೆದರು. ಹತ್ತಿಯ ಮೇಲೆ ಸಣ್ಣ ಸಣ್ಣ ಕಾಗದದ ಪೊಟ್ಟಣಗಳು, ಪ್ರತಿಯೊಂದರ ಮೇಲೂ ನನ್ನ ಕೈಬರಹದಲ್ಲಿ ರಾಜನ ಹೆಸರು ಮತ್ತು ತೂಕ. ಅವರು ಓದುವ ಗೋಜಿಗೆ ಹೋಗಲಿಲ್ಲ. ನಾಲ್ಕು ಪೊಟ್ಟಣ ಬಿಚ್ಚಿ ಬಿಲ್ಲೆಗಳನ್ನು ಅಂಗೈಗೆ ಹಾಕಿಕೊಂಡು, ಒಂದೊಂದನ್ನೇ ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ, ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ಹುಬ್ಬು ಗಂಟಿಕ್ಕಿದರು.

"ಇದ್ಯಾಕೋ ಹಗುರ ಐತಲ್ಲ."

ನನಗೆ ಗೊತ್ತಿತ್ತು. ಆದರೆ ಅದನ್ನು ತಿಳಿಯಲು ನನಗೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕಾಗಿತ್ತು. ಅವರಿಗೆ ಅಂಗೈ ಸಾಕಾಯಿತು. ಆ ಕ್ಷಣದಲ್ಲೂ ನನ್ನೊಳಗಿನ ತಪಾಸಣೆಯವಳು ಆ ಕೈಗೆ ತಲೆಬಾಗಿದಳು.

"ಆಚಾರ್ರೇ, ತಡೀರಿ..." ಎನ್ನುವಷ್ಟರಲ್ಲಿ ಅವರು ಬಿಲ್ಲೆಯನ್ನು ಅಡೆಗಲ್ಲಿನ ಮೇಲಿಟ್ಟು, ಉಳಿ ಹಿಡಿದು, ಸುತ್ತಿಗೆಯಿಂದ ಒಂದು ಏಟು ಹಾಕಿಯೇಬಿಟ್ಟರು. ಟಕ್ ಎಂದಿತು. ಮಿನಾಂಡರ್‌ನ ಕೆನ್ನೆಯಿಂದ ಶಿರಸ್ತ್ರಾಣದವರೆಗೆ ಒಂದು ಗೀರು. ಗೀರಿನ ಒಳಗೆ ಕೆಂಪು.

"ತಾಮ್ರ ಕಣಣ್ಣ" ಎಂದರು ಕೊಂಡಪ್ಪಾಚಾರಿ, ಭಾವನ ಕಡೆ ಅದನ್ನು ಎತ್ತಿ ತೋರಿಸಿ. "ಮೇಲೆ ಒಂದು ಪದರ ಬೆಳ್ಳಿ, ಒಳಗೆಲ್ಲ ತಾಮ್ರ."

ಮೈದುನ ಭೈರೇಶ್ ನಗತೊಡಗಿದ. "ಅತ್ತಿಗೇ, ಬೆಂಗ್ಳೂರಲ್ಲಿ ಭಾಳ ಚೆನ್ನಾಗಿ ಟೋಪಿ ಹಾಕವ್ರೆ ಬಿಡಿ ನಿಮ್ಗೆ! ಅದ್ಕೇ ರಾಜನ ತಲೆ ಮೇಲೂ ಒಂದು ಟೋಪಿ ಐತೆ!"

ಅಂಗಳದಲ್ಲಿ ನಗು ಹರಡಿತು. ಭಾವನೂ ಮೀಸೆಯಡಿ ನಕ್ಕರು. "ಓದ್ಕೊಂಡವ್ಳು ಅಂತೀವಿ. ಸಂತೇಲಿ ಕುರಿ ಹಲ್ಲು ನೋಡಿ ತರೋ ಅಷ್ಟು ಬುದ್ಧಿ ಇಲ್ಲ."

"ಇದನ್ನ ಮೂಸೆಗೆ ಹಾಕಿದ್ರೆ ಅಮ್ಮನ ಮುಖ ಕಪ್ಪಿಡ್ತದೆ" ಎಂದರು ಆಚಾರಿ. "ಒಂದು ಇಂಗಿದ್ಮೇಲೆ ಉಳಿದವನ್ನ ಯಾರು ನಂಬ್ತಾರೆ? ಎತ್ತಿಟ್ಕೊಳಮ್ಮ. ಮಕ್ಕಳು ಆಟ ಆಡ್ಲಿ."

ಡಬ್ಬಿಯನ್ನು ತಟ್ಟೆಯಿಂದ ತೆಗೆದು ನನ್ನ ಕಡೆ ತಳ್ಳಿದರು.

ಅಷ್ಟೇ. ನಾಣ್ಯಗಳು ಉಳಿದಿದ್ದವು. ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ತಲೆ ತಗ್ಗಿಸಿ ಡಬ್ಬಿ ಎತ್ತಿಕೊಂಡರೆ ಸಾಕು. ಗೋಪಿನಾಥ್ ಮುಖದಲ್ಲಿ ಎಂಥ ನಿರಾಳ! "ಹೋಗ್ಲಿ ಬಿಡಣ್ಣ, ಎಲ್ಲಾ ಡೂಪ್ಲಿಕೇಟೇ ಇರ್ಬೇಕು. ಪಾಪ, ಅವ್ಳಿಗೇನು ಗೊತ್ತಾಯ್ತದೆ" ಎಂದರು. ನನ್ನ ಪಕ್ಕ ನಿಂತಿದ್ದ ಓರಗಿತ್ತಿ ಜಯಂತಿ, ಭೈರೇಶನ ಹೆಂಡತಿ, ಸೆರಗಿನ ಮರೆಯಲ್ಲಿ ನನ್ನ ಕೈ ಅಮುಕಿದಳು. "ಸುಮ್ಕಿರಕ್ಕ. ಎಲ್ಲಾ ಗಿಲೀಟು ಅಂತ್ಲೇ ಅನ್ಕೊಳ್ಲಿ. ಉಳ್ಕೊಂತಲ್ಲ."

ಜಯಂತಿ ಜಾಣೆ. ಈ ಮನೆಯಲ್ಲಿ ನಾವು ಎಲ್ಲವನ್ನೂ ಹೀಗೇ ಉಳಿಸಿಕೊಂಡಿದ್ದೆವು. ಸಂಬಳ ಕಡಿಮೆ ಎಂದು ಸುಳ್ಳು ಹೇಳಿ, ತಲೆನೋವು ಎಂದು ಮಲಗಿ, ಗೊತ್ತಿಲ್ಲ ಎಂದು ಮುಖ ಮಾಡಿ. ದಡ್ಡಿಯ ವೇಷ ಹಾಕಿಕೊಂಡರೆ ಎಷ್ಟೋ ವಸ್ತು ಮೂಸೆಯಿಂದ ಪಾರಾಗುತ್ತವೆ.

ನಾನು ಆ ಗೀರು ಬಿದ್ದ ಬಿಲ್ಲೆಯನ್ನು ಎತ್ತಿಕೊಂಡೆ. ಮೊದಲ ಪ್ರದರ್ಶನದಲ್ಲೇ ಒಂದು ದೊಡ್ಡ ನಾಣ್ಯ ನೋಡಿದ್ದೆ. ಅಥೆನ್ಸ್ ನಗರದ್ದು, ಗೂಬೆ ಇರುವುದು, ನನ್ನ ಕೈಗೆ ಎಂದೂ ಎಟುಕದ ಬೆಲೆಯದು. ಆ ಗೂಬೆಯ ಎದೆಯ ಮೇಲೆ ಇಂಥದೇ ಒಂದು ಗೀರಿತ್ತು. ಊರು ಬಿಟ್ಟು ಕಡಲು ದಾಟಿದ ಬೆಳ್ಳಿಯನ್ನು ಪರಊರಿನ ವ್ಯಾಪಾರಿಗಳು ಹಾಗೆ ಉಳಿಯಿಂದ ಕಡಿದು ಒಳಗೇನಿದೆ ಎಂದು ನೋಡುತ್ತಿದ್ದರಂತೆ. ಒಂದು ಊರಿನಲ್ಲಿ ಸಾಚಾ ಎಂದು ತೋರಿಸಿದ್ದು ಮುಂದಿನ ಊರಿಗೆ ಸಾಲದು, ಅಲ್ಲಿ ಮತ್ತೊಂದು ಏಟು. ಆ ದಿನ ನನಗೆ ಗೂಬೆಯ ಮೇಲೆ ಕರುಣೆ ಹುಟ್ಟಿತ್ತು. ಈಗ ಅಂಗಳದಲ್ಲಿ ನಿಂತು ಯೋಚಿಸಿದರೆ, ಆ ಗೂಬೆ ಪ್ರತಿ ಏಟಿಗೂ ಒಳಗಿರುವುದನ್ನೇ ತೋರಿಸಿತ್ತು. ತಪ್ಪಿಸಿಕೊಳ್ಳಲು ತಾನು ತಾಮ್ರ ಎಂದು ಹೇಳಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕೆಟ್ಟ ಗೇರಿಗೆ ಒಳ್ಳೆಯದೆಂದು ಸಹಿ ಹಾಕಿದವಳಲ್ಲ. ಒಳ್ಳೆಯದನ್ನು ಕೆಟ್ಟದ್ದೆಂದೂ ಬರೆದವಳಲ್ಲ.

"ಆಚಾರ್ರೇ" ಎಂದೆ. ನನ್ನ ದನಿ ಯಂತ್ರಗಳ ಸದ್ದಿನ ನಡುವೆ ಮಾತಾಡಿ ರೂಢಿಯಾದದ್ದು. ಬಾಯಿ ಬಿಟ್ಟರೆ ಅಂಗಳದಾಚೆಗೂ ಕೇಳುತ್ತದೆ. "ಇದೊಂದೇ ತಾಮ್ರ. ನನಗೆ ಯಾರೂ ಟೋಪಿ ಹಾಕಿಲ್ಲ. ಕಾಸು ಪರೀಕ್ಷೆ ಮಾಡೋದು ಕಲಿತ ಮೇಲೆ, ತಾಮ್ರ ಅಂತ ಗೊತ್ತಿದ್ದೇ ತಗೊಂಡೆ. ಪೊಟ್ಟಣದ ಮೇಲೆ ಬರೆದಿದೆ, ಓದಿ."

ಅವರು ಕಾಗದ ಎತ್ತಿ ಕಣ್ಣಿಗೆ ಹತ್ತಿರ ಹಿಡಿದರು. 'ಕಳ್ಳ ಕಾಸು, ಆ ಕಾಲದ್ದೇ' ಎಂದು ಬರೆದಿದ್ದೆ.

"ಎರಡು ಸಾವಿರ ವರ್ಷದ ಹಿಂದೆ ನಿಮ್ಮಂಥ ಒಬ್ಬ ಕೆಲಸಗಾರ ತಾಮ್ರಕ್ಕೆ ಬೆಳ್ಳಿ ತಗಡು ಹೊದಿಸಿ ರಾಜನ ಅಚ್ಚು ಒತ್ತಿದ್ದಾನೆ. ಜನ ಆ ಕಾಸನ್ನ ಅಷ್ಟು ನಂಬ್ತಿದ್ರು, ಅದಕ್ಕೇ ಅದರ ಕಳ್ಳ ಕಾಸು ಮಾಡಿದ್ರು. ಯಾರೂ ನಂಬದ ಕಾಸಿಗೆ ಯಾರು ಅಷ್ಟು ಕಷ್ಟ ಪಡ್ತಾರೆ? ಉಳಿದ ಹದಿನೆಂಟೂ ಅಪ್ಪಟ ಬೆಳ್ಳಿ. ಬೇಕಾದರೆ ಒರೆಗೆ ಹಚ್ಚಿ ನೋಡಿ."

"ಅಕ್ಕಾ" ಎಂದು ಜಯಂತಿ ಹಲ್ಲು ಕಚ್ಚಿ ಉಸುರಿದಳು.

ಆಚಾರಿ ಇನ್ನೊಂದು ಬಿಲ್ಲೆಯ ಅಂಚನ್ನು ಒರೆಗಲ್ಲಿಗೆ ಉಜ್ಜಿದರು. ಮತ್ತೊಂದು. ಮೂರನೆಯದನ್ನು ಉಜ್ಜಲಿಲ್ಲ, ಅಂಗೈ ಮೇಲಿಟ್ಟು ತೂಗಿ, "ಈಗಿನ ಅಂಗಡಿ ಬೆಳ್ಳಿ ಇದರ ಮುಂದೆ ನಿಲ್ಲಲ್ಲ" ಎಂದರು.

"ಸರಿ ಮತ್ತೆ" ಎಂದರು ಭಾವ, ಕೈ ಉಜ್ಜಿಕೊಂಡು. "ಅಪ್ಪಟ ಅಂತ ನಿನ್ನ ಬಾಯಲ್ಲೇ ಬಂತು. ಆಕು."

"ಕೊಡಲ್ಲ ಭಾವ."

"ಏನಂದೆ?"

"ಕೊಡಲ್ಲ ಅಂದೆ. ನನ್ನ ಪಾಲಿನ ಗೆಜ್ಜೆ ತಟ್ಟೆಯಲ್ಲಿದೆ. ಅದನ್ನ ಕೇಳಿದ್ರಿ, ಕೊಟ್ಟೆ. ಇವು ನನ್ನವು."

ಭಾವನ ಮುಖದ ಬಣ್ಣ ಇಳಿಯಿತು. "ಗೋಪಿ, ಏನ್ಲಾ ಇದು? ನೀನು ತಂದು ಮಡಗಿದ್ದು ಇವ್ಳು ತಗೀತಾವ್ಳಲ್ಲ!"

"ಇವರು ತಂದಿದ್ದು ಇವರದಲ್ಲ" ಎಂದೆ. "ಇವರ ಮೊಬೈಲನ್ನ ನಾನು ತಂದು ತಟ್ಟೆಯಲ್ಲಿಟ್ಟಿದ್ದರೆ ನೀವು ಕರಗಿಸ್ತಿದ್ರಾ?"

ಯಾರೋ ಕಿಸಕ್ಕೆಂದರು. ಗೋಪಿನಾಥ್ "ಸರಳಾ, ಮನೆಗೋಗಿ ಮಾತಾಡಣ" ಎಂದರು.

"ಅಮ್ಮಂಗಿಂತ ಹೆಚ್ಚಾ ನಿಂಗೆ ಈ ಪುಡಿಗಾಸು?" ಭಾವನ ದನಿ ಏರಿತು. "ಈ ಮನೇಲಿ ಯಾ ಸೊಸೆನೂ ಅಮ್ಮಂಗೆ ಇಲ್ಲ ಅಂದಿದ್ದಿಲ್ಲ. ನಮ್ಮ ಭಾಗ್ಯಲಕ್ಷ್ಮಿ, ಸತ್ತೋದವ್ಳು, ಅವಳ ಗೆಜ್ಜೆನೂ ಐತೆ ಇದ್ರಾಗೆ!"

"ಅಕ್ಕ ಬದುಕಿದ್ದಾಗ ಕೇಳಿದ್ರಾ ಭಾವ?"

ಭಾವನ ಹೆಂಡತಿ ಭಾಗ್ಯಲಕ್ಷ್ಮಿ ಅಕ್ಕ ಹೋಗಿ ಮೂರು ವರ್ಷ. ಹಾಗೆ ಕೇಳಬಾರದಿತ್ತೇನೋ. ಆದರೆ ಕೇಳಿಯಾಗಿತ್ತು, ಮತ್ತು ನಾನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅಮ್ಮ ನನ್ನ ಹತ್ತಿರ ಏನೂ ಕೇಳಿಲ್ಲ" ಎಂದೆ. "ಕೇಳ್ತಿರೋದು ನೀವು. ಅಮ್ಮನ ಕಿವಿಗೆ ಬೆಳ್ಳಿ ಸಾಲದಿದ್ದರೆ ಈ ಅಂಗಳದಲ್ಲೇ ಬೇಕಾದಷ್ಟಿದೆ. ನಿಮ್ಮ ಸೊಂಟದಲ್ಲಿ ಒಂದು ಬೆಳ್ಳಿ ಉಡಿದಾರ, ಇವರ ಸೊಂಟದಲ್ಲಿ ಒಂದು, ಭೈರೇಶನ ಸೊಂಟದಲ್ಲಿ ಒಂದು. ಒಂದೊಂದೂ ನನ್ನ ಇಡೀ ಡಬ್ಬಿಗಿಂತ ತೂಕ. ಬಿಚ್ಚಿ. ಎರಡು ಕಿವಿ ಆಗಿ ಮೂಗುತಿಗೂ ಮಿಗುತ್ತೆ."

ಭೈರೇಶನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದನ್ನು ನೋಡಿ ಜಯಂತಿ ನಕ್ಕುಬಿಟ್ಟಳು. ತಡೆಯಲು ಹೋಗಿ, ಆಗದೆ, ಸೆರಗು ಬಾಯಿಗೆ ತುರುಕಿಕೊಂಡು. ಬಾಗಿಲಲ್ಲಿದ್ದ ಹೆಂಗಸರಿಗೂ ಅದು ಅಂಟಿತು. ಕೊಂಡಪ್ಪಾಚಾರಿ ಮಾತ್ರ ನಗದೆ, ಬಗ್ಗಿ ಕೆಂಡ ಊದತೊಡಗಿದರು. ಅವರ ಭುಜ ಅಲುಗುತ್ತಿತ್ತು.

ಭಾವ ನಗು ನಿಲ್ಲುವವರೆಗೆ ಕಾದರು. ಆಮೇಲೆ ತಣ್ಣಗೆ ಹೇಳಿದರು. "ಆಯ್ತಮ್ಮ. ಮಡಿಕ್ಕೋ ನಿನ್ನ ಕಾಸು. ಆದ್ರೆ ಹೊಸ ಮುಖ ಬಂದ್ಮೇಲೆ ಅಮ್ಮಂಗೆ ಅರಿಶಿನ ಹಚ್ಚೋ ಸಾಲಲ್ಲಿ ನೀನು ನಿಲ್ಲಂಗಿಲ್ಲ. ಇದು ನನ್ನ ಮಾತು."

ಅದು ನಾಟಿತು. ಸುಳ್ಳು ಯಾಕೆ ಹೇಳಲಿ. ವರ್ಷಕ್ಕೊಮ್ಮೆ ಯುಗಾದಿಯ ಮಾರನೆಯ ದಿನ ಸೊಸೆಯರು ಸಾಲಾಗಿ ಬಂದು ಆ ತಣ್ಣನೆಯ ಬೆಳ್ಳಿಕೆನ್ನೆಗೆ ಅರಿಶಿನ ಸವರುತ್ತೇವೆ. ನನಗೆ ಅದು ಇಷ್ಟ. ದೇವರು ದಿಂಡರು ಎಂದು ಹೆಚ್ಚು ಹಚ್ಚಿಕೊಂಡವಳಲ್ಲ ನಾನು, ಆದರೆ ಆ ಒಂದು ಗಳಿಗೆ ಒಂದು ಹೆಣ್ಣಿನ ಮುಖವನ್ನು ಅಂಗೈಯಲ್ಲಿ ಹಿಡಿದ ಹಾಗಿರುತ್ತಿತ್ತು. ಇನ್ನು ನನ್ನ ಗೆಜ್ಜೆ ಆ ಮುಖದೊಳಗೆ ಇರುತ್ತದೆ, ನಾನು ಹೊರಗೆ.

"ಆಗಲಿ ಭಾವ" ಎಂದೆ.

ನೆಲದ ಮೇಲೆ ಕೂತು ಪೊಟ್ಟಣಗಳನ್ನು ಒಂದೊಂದಾಗಿ ಕಟ್ಟಿದೆ. ಆಚಾರಿ ಅಮ್ಮನ ಹಳೆಯ ಮುಖವನ್ನೂ ತಟ್ಟೆಯ ಬೆಳ್ಳಿಯನ್ನೂ ಮೂಸೆಗೆ ಹಾಕಿದರು. ನನ್ನ ಗೆಜ್ಜೆ ಕೆಂಪಾಗಿ, ಕುಸಿದು, ಭಾಗ್ಯಲಕ್ಷ್ಮಿ ಅಕ್ಕನ ಗೆಜ್ಜೆಯೊಳಗೆ ಹರಿದು ಸೇರಿಕೊಂಡಿತು.

ಜಗಲಿಯ ಮೇಲೆ ನನ್ನ ಅತ್ತೆ ಪಿಳ್ಳಮ್ಮ ಕೂತಿದ್ದರು. ಎಂಬತ್ತೆರಡು ವರ್ಷ. ಮುಂದೆ ಹುಣಸೆಹಣ್ಣಿನ ರಾಶಿ. ಬೀಜ ಬಿಡಿಸುತ್ತ ಇಷ್ಟು ಹೊತ್ತೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಹತ್ತಿರ ಹೋಗಿ "ಬತ್ತೀನಿ ಅತ್ತೆ" ಎಂದಾಗ ಕೈ ಚಾಚಿದರು.

"ತೋರ್ಸು. ಏನೈತೆ ಅದ್ರಾಗೆ."

ಅಪೊಲೊಡೋಟಸ್‌ನ ಚೌಕವನ್ನು ಅವರ ಕೈಗಿಟ್ಟೆ. ಹುಣಸೆಹಣ್ಣು ಮೆತ್ತಿದ ಬೆರಳಿನಿಂದ ಅದನ್ನು ಸವರಿದರು. ನನ್ನೊಳಗಿನ ಸಂಗ್ರಾಹಕಿ ಕೂಗಿಕೊಳ್ಳಬೇಕಿತ್ತು. ಕೂಗಲಿಲ್ಲ.

"ಆನೆ ಅಲ್ವಾ ಇದು?"

"ಹೂಂ ಅತ್ತೆ. ಹಿಂದುಗಡೆ ಬಸವ."

"ಅಂಗಾದ್ರೆ ನಮ್ ಕಡೇ ಕಾಸೇ ಅನ್ನು" ಎಂದು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಡೆಂಕಣಿಕೋಟೆ ಕಡೆಯೋನಾ ಈ ರಾಜ?"

"ಇಲ್ಲ, ದೂರದೋನು."

"ನಮ್ ಹೊಲದಂಗೆ ಅವನ ರಾಗೀನೂ ಆನೆ ತಿಂದ್ಬುಟ್ಟಿರ್ಬೇಕು, ಅದ್ಕೇ ಕಾಸಿನ ಮ್ಯಾಲಾಕವ್ನೆ."

ನಾನು ನಕ್ಕೆ. ಅವರು ನಗಲಿಲ್ಲ. ದನಿ ತಗ್ಗಿಸಿ ಹೇಳಿದರು: "ಆ ಹಳೇ ಮುಖ ಇತ್ತಲ್ಲ, ಈಗ ಕರಗ್ತಾ ಐತಲ್ಲ, ಅದ್ರಾಗೆ ನನ್ನ ಕಾಲ್ಕಡಗ ಐತೆ. ಮದುವೆಯಾಗಿ ಎರಡನೇ ವರ್ಷ. ನಮ್ಮವ್ವಂದು ಅದು. ನಮ್ಮತ್ತೆ ಬಂದು ಕಾಲು ಇಡ್ಕೊಂಡು ಸೋಪು ಹಚ್ಚಿ ಎಳೆದ್ಳು. ಗಾಯ ಆಯ್ತು." ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು. "ನೀನು ಎಂಗಂದೆ, ಕೊಡಲ್ಲ ಅಂತ?"

ಬೈಯುವ ದನಿಯಲ್ಲ, ಮೆಚ್ಚುಗೆಯೂ ಅಲ್ಲ. ಒಂದು ಅಡುಗೆ ಹೇಗೆ ಮಾಡಿದೆ ಎಂದು ಕೇಳುವ ಹಾಗೆ, ನಿಜವಾಗಿ ತಿಳಿಯಬೇಕು ಎನ್ನುವ ಹಾಗೆ.

"ಬಾಯಿ ತೆಗೆದೆ ಅತ್ತೆ. ಬಂತು."

"ಊಂ" ಎಂದು ಆನೆಯನ್ನು ನನ್ನ ಅಂಗೈಗೆ ಹಾಕಿ, ಮತ್ತೆ ಹುಣಸೆಬೀಜಕ್ಕೆ ಕೈ ಹಾಕಿದರು.

ರಾಯಕೋಟೆಯ ಬಸ್ ನಿಲ್ದಾಣದವರೆಗೆ ಒಬ್ಬಳೇ ಬಂದೆ. ಹೊಸೂರಿನ ಬಸ್ಸು ಹೊರಡಲು ತಯಾರಾಗಿತ್ತು. "ಏರುಂಗಮ್ಮಾ, ಎಡಂ ಇರುಕ್ಕು" ಎಂದ ಕಂಡಕ್ಟರ್. ಜಾಗವಿತ್ತು. ಕಿಟಕಿಯ ಪಕ್ಕ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಬಸ್ಸು ಕದಲುವಾಗ ಗೋಪಿನಾಥ್ ಓಡಿ ಬಂದು ಹತ್ತಿದರು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಎದುರು ಸಾಲಿನಲ್ಲಿ ಕೂತರು. ಕೋಟೆಯ ಬೆಟ್ಟ ಹಿಂದೆ ಸರಿಯಿತು.

"ಬೇಡ ಅಂತ ನಂಗೆ ಮೊದ್ಲೇ ಒಂದ್ ಮಾತು ಹೇಳ್ಬೋದಿತ್ತು" ಎಂದರು ಕೊನೆಗೆ.

"ನೀವು ಮೊದಲೇ ಒಂದು ಮಾತು ಕೇಳಬಹುದಿತ್ತು."

ಅವರು ಕೈಯೊರಸುವ ಟವೆಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ಅಷ್ಟೊಂದು ಬೇಕು ನಿಂಗೆ ಅವು ಅಂತ ನಂಗೆ ಗೊತ್ತಿರ್ಲಿಲ್ಲ ಕಣೆ."

ಅದು ನಿಜವಿರಬಹುದು. ನಾನು ಒಮ್ಮೆಯೂ ಜೋರಾಗಿ ಹೇಳಿರಲಿಲ್ಲ. ವರ್ಷಗಟ್ಟಲೆ ಶಾಲುಗಳ ಕೆಳಗೆ ಬಚ್ಚಿಟ್ಟದ್ದನ್ನು ಯಾರಾದರೂ 'ಸುಮ್ಮನೆ ಬಿದ್ದಿದೆ' ಎಂದುಕೊಂಡರೆ ತಪ್ಪು ಪೂರ್ತಿ ಅವರದಲ್ಲ. ಆದರೆ ಇದನ್ನು ಆ ದಿನ ಅವರಿಗೆ ಹೇಳುವಷ್ಟು ಒಳ್ಳೆಯತನ ನನ್ನಲ್ಲಿರಲಿಲ್ಲ. ಕಿಟಕಿಯಾಚೆ ಮಾವಿನ ತೋಪುಗಳನ್ನು ನೋಡುತ್ತ ಕೂತೆ.

ಮನೆಗೆ ಬಂದ ಮೇಲೆ ಡಬ್ಬಿಯನ್ನು ಬೀರುವಿಗೆ ಇಡಲಿಲ್ಲ. ಮಾರನೆಯ ದಿನ ಬಡಗಿಗೆ ಗಾಜಿನ ಮುಚ್ಚಳದ ಒಂದು ಸಣ್ಣ ಮರದ ಪೆಟ್ಟಿಗೆ ಮಾಡಿಕೊಡಲು ಹೇಳಿದೆ. ಈಗ ಅದು ಹಜಾರದಲ್ಲಿ ಟಿವಿಯ ಪಕ್ಕದಲ್ಲಿದೆ. ಗೀರು ಬಿದ್ದ ಮಿನಾಂಡರ್ ಮೊದಲ ಸಾಲಿನಲ್ಲಿದ್ದಾನೆ, ಕೆಂಪು ಕಾಣುವ ಹಾಗೆ. ಪೊಟ್ಟಣದ ಚೀಟಿಗೆ ಒಂದು ಸಾಲು ಸೇರಿಸಿದ್ದೇನೆ: 'ರಾಯಕೋಟೆಯಲ್ಲಿ ಪರೀಕ್ಷೆ ಆಗಿದೆ.'

ಯುಗಾದಿಗೆ ಹತ್ತು ದಿನ ಇರುವಾಗ ಅತ್ತೆಯ ಫೋನು ಬಂತು. ಜಯಂತಿ ನಂಬರು ಒತ್ತಿ ಕೊಟ್ಟಿರಬೇಕು. ಹಿಂದಿನಿಂದ ಅವಳ ನಗು ಕೇಳುತ್ತಿತ್ತು.

"ಅಮ್ಮನ ಮುಖ ಬಂತು" ಎಂದರು ಅತ್ತೆ.

"ಹೇಗಾಗಿದೆ?"

"ಮುಖ ಚೆಂದಾಗೈತೆ. ಕಿವಿ ಚಿಕ್ಕವು. ಇಲಿ ಕಿವಿ ಅಂಗವೆ. ಯಾವನೂ ಉಡಿದಾರ ಬಿಚ್ಚಲಿಲ್ಲ ನೋಡು."

ನಾನು ಟಿವಿಯ ಪಕ್ಕದ ಪೆಟ್ಟಿಗೆಯ ಗಾಜನ್ನು ಸೆರಗಿನಿಂದ ಒರೆಸಿದೆ.

"ಇರ್ಲಿ ಬಿಡು" ಎಂದರು ಅತ್ತೆ. "ಚಿಕ್ಕ ಕಿವಿಯಾದ್ರೇನು, ಕೇಳಿಸ್ತದೆ. ಅರಿಶಿನದ ಸಾಲಲ್ಲಿ ನಿಂಗೆ ಜಾಗ ಇಲ್ಲ ಅಂತ ಅವ್ನು ಇನ್ನೂ ಅಂತಾನೇ ಅವ್ನೆ. ನಂಗೂ ಮಂಡಿ ನೋವು, ನಿಲ್ಲಾಕಾಗಲ್ಲ. ಜಗಲಿ ಮ್ಯಾಲೆ ನನ್ನ ಪಕ್ಕ ಕೂತ್ಕೊ, ಬಾ. ಆ ಆನೆ ಕಾಸು ತಗೊಂಡೇ ಬಾ. ಜಯಂತಿನೂ ನೋಡ್ಬೇಕಂತೆ."

ಇವತ್ತು ಯುಗಾದಿ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತಿದ್ದೇನೆ. ಆನೆಯೊಂದನ್ನೇ ಅಲ್ಲ, ಹತ್ತೊಂಬತ್ತನ್ನೂ ಒಯ್ಯುತ್ತಿದ್ದೇನೆ.